ಅಳಿವೆಯಲ್ಲಿ ನಮ್ಮ ಪಾಳಿ

ದೊಡ್ಡ ಬಂದರಿನವರು ತಮ್ಮ ಹಡಗುಗಳಿಗಾಗಿ ಕಡಲನ್ನು ಯಂತ್ರದಿಂದ ಚಪ್ಪಟೆ ಮಾಡಿಕೊಳ್ಳುತ್ತಾರೆ. ಅಲ್ಲಿಂದ ತಳ್ಳಿದ ತೆರೆಗಳೆಲ್ಲ ಬಂದು ಬೀಳುವುದು ನಮ್ಮ ಹೊಳೆ ಕಡಲು ಸೇರುವ ಅಳಿವೆಗೆ. ಯಾವುದೇ ದಿನ ಕತ್ತಲಾಗುವುದರೊಳಗೆ ಒಂದು ದೋಣಿಯಾದರೂ ಕಡಲಿನಿಂದ ಒಳಗೆ ಬರದಿದ್ದರೆ, ಅಳಿವೆ ಯಾರಿಗೂ ಬೇಡವೆಂದು ಕಲ್ಲು ತುಂಬಿ ಮುಚ್ಚುತ್ತಾರೆ. ಅವರದೇ ಕಾನೂನು. ಅದಕ್ಕೇ ನಮ್ಮೂರಲ್ಲಿ ಮನೆಗೊಂದು ಪಾಳಿ. ಇವತ್ತು ನಮ್ಮದು.

"ಅತ್ಗೆ, ತೆರೆ ಕಂಡ್ರ್ಯಾ? ನಾಳಿಗ್ ಒಳಗ್ ಬಪ್ಪ," ಎಂದ ಮೈದುನ ಕುಷ್ಟ, ಅಳಿವೆಯ ಹೊರಗೆ ಕಡಲಲ್ಲಿ ನಿಂತ ದೋಣಿಯ ನೀರು ಮೊಗೆಯುತ್ತ.

"ನಾಳಿಗೆ ಅಳಿವೆ ಇದ್ರಲ್ದಾ ಬಪ್ಪುದ್? ಬಾಯ್ ಮುಚ್ಚಿ ಮೊಗಿ."

ದೊಡ್ಡ ತೆರೆಯೊಂದನ್ನು ಮುಂದೆ ಬಿಟ್ಟು ನಾನು ಅದರ ಬೆನ್ನು ಹತ್ತಿದೆ. ಅದನ್ನು ದಾಟಿದರೆ ದೋಣಿಯ ಮೂತಿ ಮರಳಿಗೆ ಕುಟ್ಟುತ್ತದೆ. ತಡ ಮಾಡಿದರೆ ಹಿಂದಿನ ತೆರೆ ಮಗುಚಿ ಹಾಕುತ್ತದೆ. ಸರಿಯಾಗಿ ನಡುವಿನಲ್ಲಿ ಇಂಜಿನ್ ಕೆಮ್ಮಿತು. ಹಿಂದಿನ ತೆರೆ ನೆತ್ತಿಯ ಮೇಲೆ ಎದ್ದು, ದೋಣಿ ಅಡ್ಡ ತಿರುಗತೊಡಗಿತು.

"ಬಲೆ ಹಾಕಾ!"

ಹಗ್ಗ ಕಟ್ಟಿದ ಹಳೆ ಬಲೆಯನ್ನು ಕುಷ್ಟ ಹಿಂದಕ್ಕೆಸೆದ. ಈಗ ನಾವು ಬಲೆ ಒಯ್ಯುವುದೇ ಇದಕ್ಕೆ. ಅದು ದೋಣಿಯ ಬಾಲ ಹಿಡಿದೆಳೆದು ನೆಟ್ಟಗೆ ಮಾಡಿತು. ಇಂಜಿನ್ನಿಗೆ ಬೈಯುತ್ತ ಹಿಡಿಯನ್ನು ಪೂರ್ತಿ ತಿರುಚಿದೆ. ನೊರೆಯೊಡನೆ ನಾವೂ ದೋಣಿ ಸಮೇತ ಹೊಳೆಯೊಳಗೆ ಬಂದು ಬಿದ್ದೆವು.

ದಂಡೆಯ ಕಂಬದ ಮೇಲಿನ, ದೋಣಿ ಎಣಿಸುವ ಬಂದರಿನ ಯಂತ್ರ ಕೇಳಿತು: "ಒಂದು ದೋಣಿ. ಮೀನು ಎಷ್ಟು?"

"ಒಂದೂ ಇಲ್ಲ."

"ಹಾಗಾದರೆ ಕಡಲಿಗೆ ಹೋದದ್ದು ಯಾಕೆ?"

"ಒಳಗ್ ಬಪ್ಪುಕೆ," ಎಂದೆ.