ನದಿ ಬಿಟ್ಟಿರದ ಹೆದ್ದಾರಿ

ಗುಡ್ಡದ ಮೇಲೆ ಹೊಸ ರಸ್ತೆಯಾದ ಮೇಲೆ ಒಹಾಯೊ ನದಿದಂಡೆಯ ಹಳೇ ಹೆದ್ದಾರಿಯನ್ನು ಸರ್ಕಾರ ಚಾಪೆಯಂತೆ ಸುತ್ತಿ, ಲಾರಿಗೆ ಹೇರಿ, ಮರುಭೂಮಿಗೆ ಸಾಗಿಸಿತ್ತು. ನಿವೃತ್ತಿಯಾದ ಬೇರೆ ರಸ್ತೆಗಳೆಲ್ಲ ಅಲ್ಲಿ ತೆಪ್ಪಗೆ ಬಿದ್ದಿದ್ದವು. ಇದೊಂದು ಮಾತ್ರ ಮತ್ತೆ ತೆವಳಿಕೊಂಡು ಬಂದು ದಂಡೆಯ ಮನೆಯ ಮುದುಕಿ ವರ್ನಾಳ ಟೊಮೆಟೊ ಮಡಿಗಳ ಮೇಲೆ ಮೈಚಾಚಿತ್ತು.

“ಥೂ, ಏಳು ಮೇಲೆ! ಮೂರನೇ ಸಲ ಇದು, ನಾಚಿಕೆ ಆಗಲ್ವಾ?” ಮುದುಕಿ ಪೊರಕೆಯಿಂದ ಬಡಿದಳು. ಅದು ನದಿಯ ಕಡೆಗೆ ಇನ್ನಷ್ಟು ಸರಿಯಿತು.

ರಸ್ತೆ ಇಲಾಖೆಯ ಕ್ಲೈಡ್ ಲಾರಿಯಿಂದಿಳಿದು ಹಣೆ ಚಚ್ಚಿಕೊಂಡ. “ನೀವೇ ಸಲಿಗೆ ಕೊಟ್ಟಿದ್ದೀರಮ್ಮ. ಈ ಸಲ ಪುಡಿ ಮಾಡಿಬಿಡಿ ಅಂತ ಆರ್ಡರ್ ಆಗಿದೆ.”

ಪೊರಕೆ ಅವನ ಕಡೆ ತಿರುಗಿತು. “ತೊಂಬತ್ತು ವರ್ಷ ಜೊತೆಗೆ ಬಾಳಿದಾವೆ ಕಣಯ್ಯ ನದೀನೂ ಇದೂ. ಇದನ್ನ ಮುಟ್ಟೋ ಮುಂಚೆ ಆ ನದಿಯನ್ನ ಸುತ್ತಿ ಲಾರಿಗೆ ಹಾಕು, ನೋಡೋಣ!”