ಸೊಸೆಯ ಗಿರಣಿ

ಪಾರ್ವತವ್ವ ಜೋಳದ ಡಬ್ಬಿಯನ್ನು ಎಲ್ಲರ ಡಬ್ಬಿಗಳನ್ನೂ ದಾಟಿಸಿ ಗಿರಣಿಯ ಬಾಯಿಗೇ ತಂದಿಟ್ಟಳು. ಗಿರಣಿ ಸೊಸೆ ಶಿವರಂಜನಿಯದು. ಮಹಿಳಾ ಸಂಘದ ಸಾಲದಲ್ಲಿ ಹೋದ ತಿಂಗಳಷ್ಟೇ ಶುರುವಾದದ್ದು.

“ಮನಿ ಮಂದೀದ ಮೊದಲಾದ್ರ ನಾವು ಬಸ್‌ಸ್ಟ್ಯಾಂಡಿನ ಗಿರಣಿಗೆ ಹೋಗ್ತೀವಿ ಬಿಡವಾ,” ಎಂದು ಸರದಿಯಲ್ಲಿದ್ದ ರಹಿಮತ್ಬಿ ತನ್ನ ಡಬ್ಬಿ ಎತ್ತಿಕೊಂಡಳು. ಉಳಿದವರೂ ತಮ್ಮ ಡಬ್ಬಿ ಎತ್ತಲು ಬಗ್ಗಿದರು.

ದಾಸನಕೊಪ್ಪದಲ್ಲಿ ಅತ್ತೆಗೆ ಎದುರಾಡುವ ಸೊಸೆಯರು ಇಲ್ಲವೆಂದಲ್ಲ, ಅದೆಲ್ಲ ಅಡುಗೆಮನೆಯೊಳಗೆ. ಶಿವರಂಜನಿ ಹಿಟ್ಟಿನ ಕೈಯಲ್ಲೇ ಸೆರಗನ್ನು ತಲೆ ತುಂಬ ಎಳೆದುಕೊಂಡು, ಕಣ್ಣು ಕೆಳಗಿಟ್ಟು, ಎಲ್ಲರಿಗೂ ಕೇಳುವಂತೆ ಅಂದಳು: “ಅತ್ತೀ, ಪಾಳಿ ಹಚ್ಚರಿ.”

ಪಾರ್ವತವ್ವ ಸೆರಗನ್ನು ದಿಟ್ಟಿಸಿದಳು. ಬೈಯಲು ಅದರಲ್ಲಿ ಏನೂ ಸಿಗಲಿಲ್ಲ. ಡಬ್ಬಿ ಹೊತ್ತು ಎಲ್ಲರ ಹಿಂದೆ ಹೋಗಿ ನಿಂತು, ರಹಿಮತ್ಬಿಯನ್ನು ಗದರಿದಳು: “ಡಬ್ಬಿ ಇಳಸ. ನಮ್ಮ ಗಿರಣ್ಯಾಗ ಪಾಳಿ ಅಂದ್ರ ಪಾಳಿ.”