ಚಾವಣಿಯ ಮೇಲೆ ತೇಪೆಯ ಅಂಗಿ

ರಾಣಿ ತೀರಿಕೊಂಡಳೆಂದು ರಾಜಧಾನಿ ಗೇಗ್ಯೊಂಗ್ ನಗರಕ್ಕೆ ತಿಳಿದ ಬೆಳಿಗ್ಗೆ, ಅರಮನೆಯ ಮುದಿ ಸೇವಕ ಸೊಕ್ಚುನ್ ಚಾವಣಿಯ ಮೇಲೆ ನಿಂತು ಅವಳ ಉಡುಪನ್ನು ಬೀಸುತ್ತ ಅಗಲಿದ ಜೀವವನ್ನು ಹಿಂದಕ್ಕೆ ಕರೆಯುತ್ತಿದ್ದನು. ಕರೆಯುವುದು ಮೂರೇ ಸಲ. ಎರಡು ಸಲ ಪಟ್ಟಾಭಿಷೇಕದ ರೇಷ್ಮೆಯನ್ನು ಬೀಸಿ ಆಗಿತ್ತು.

“ಸಾಕು ನಿಲ್ಸೋ!” ಏಣಿಯ ಬುಡದಿಂದ ದಾಸಿ ಬೊಂಗ್‌ನ್ಯೊ ಕೂಗಿದಳು. “ಅದನ್ನ ಅವ್ವನೋರು ಉಟ್ಟಿದ್ದೇ ಒಂದು ದಿನ. ಜೀವಕ್ಕೆ ಗುರುತು ಹತ್ತೋದು ಮೈಬೆವರು ಕುಡಿದ ಬಟ್ಟೆ. ತಗೋ, ಇದನ್ನ ಬೀಸು.” ಸೆಣಬಿನ ಹಳೆಯ ಅಂಗಿಯೊಂದನ್ನು ಮೇಲಕ್ಕೆಸೆದಳು.

“ತಲೆ ಕೆಟ್ಟಿದ್ಯೇನೇ ಮುದುಕಿ? ರಾಜನ ಮಗಳು, ರಾಜನ ಹೆಂಡತಿ! ಈ ಚಿಂದಿ ಬೀಸಿದ್ರೆ ಮಂತ್ರಿಗಳು ನನ್ನ ಚರ್ಮ ಸುಲೀತಾರೆ.”

“ಉಳಿದಿರೋದು ಒಂದೇ ಕೂಗು. ಅವರು ದಾರಿ ತಪ್ಪಿದ್ರೆ ಆ ಪಾಪ ನಿಂದು.”

ಸೊಕ್ಚುನ್ ಸತ್ತವರ ದಿಕ್ಕಾದ ಉತ್ತರಕ್ಕೆ ಮುಖ ಮಾಡಿ ಅಂಗಿಯನ್ನು ಬೀಸಿದನು. “ಹಿಂದಿರುಗಿ ಬನ್ನಿ, ತಾಯೀ!” ಮೊಣಕೈಯ ಕೆಂಪು ತೇಪೆ ಬಿಸಿಲಿಗೆ ಹೊಳೆಯಿತು.

ಗೋಡೆಯಾಚೆ ನೆರೆದಿದ್ದ ಜನರಲ್ಲಿ ಮೀನು ಮಾರುವವಳೊಬ್ಬಳ ಕೈಯಿಂದ ಬುಟ್ಟಿ ಜಾರಿತು. “ಅಯ್ಯೋ, ಅದು ನಮ್ಮ ಗಂಜಿ ಅಕ್ಕನ ಅಂಗಿ! ಜ್ವರದ ವರ್ಷ ಗುಡಿ ಬಾಗಿಲಲ್ಲಿ ಬಡಿಸ್ತಿದ್ದೋಳು. ಗಂಜಿ ನೀರಾಗಿದೆ ಅಂತ ನಾ ಬೈದ್ರೆ ನಕ್ಕು ಇನ್ನೊಂದು ಸೌಟು ಹಾಕಿದ್ಳು. ಆ ತೇಪೆ ನನ್ನ ಲಂಗದ್ದು ಕಣ್ರೋ, ನಾನೇ ಹೊಲಿದು ಕೊಟ್ಟಿದ್ದೆ! ಹಾಗಾದ್ರೆ ಆ ಅಕ್ಕನೇ ರಾಣಿಯಾ?”

ಜೀವ ಹಿಂದಿರುಗಲಿಲ್ಲ. ಬೀದಿಯ ಜನರೆಲ್ಲ ಮೀನು ಚೆಲ್ಲಿದ್ದ ಮಣ್ಣಿನಲ್ಲೇ ಮಂಡಿಯೂರಿದರು. ಅಮಿತಾಭ ಬುದ್ಧನೇ, ಉಂಡವರ ಹೆಸರು ಕೇಳದೆ, ತನ್ನ ಹೆಸರು ಹೇಳದೆ ಬಡಿಸಿದ ಆ ಕೈಗಳಿಗೆ ನಿನ್ನ ಪಡುವಣದ ಪುಣ್ಯನಾಡಿನಲ್ಲಿ ವಿಶ್ರಾಂತಿ ಕೊಡು.